ಒಂದಡಿಗೆ ಒಂದಿಂಚು: ಕಿಟ್‌ನಿಂದ ಕಟ್ಟುವ ಗೊಂಬೆಮನೆ

ಗೊಂಬೆಮನೆಯ ಕಿಟ್ ಎಂದರೆ ಇಡೀ ಮನೆಯನ್ನು ಬಿಡಿಬಿಡಿ ಹಲಗೆಗಳಾಗಿ ಪೆಟ್ಟಿಗೆಯಲ್ಲಿ ತುಂಬಿ ಕೊಡುವ ಏರ್ಪಾಡು. ಗೋಡೆ, ಮಹಡಿ, ಮೆಟ್ಟಿಲು, ಕಿಟಕಿ ಚೌಕಟ್ಟು, ಸೂರು ಎಲ್ಲವೂ ಕತ್ತರಿಸಿಕೊಂಡೇ ಬರುತ್ತವೆ, ಜೊತೆಗೊಂದು ಕೈಪಿಡಿ. ಅಂಟು, ಬಣ್ಣ, ತಾಳ್ಮೆ ಕೊಂಡವರದು. ಅಮೆರಿಕ ಮತ್ತು ಬ್ರಿಟನ್ನಿನಲ್ಲಿ ಇದು ಬಹುಪಾಲು ದೊಡ್ಡವರ ಹವ್ಯಾಸ. ಮಕ್ಕಳ ಹೆಸರಿನಲ್ಲಿ ಕೊಂಡ ಪೆಟ್ಟಿಗೆ ಕೊನೆಗೆ ಅಪ್ಪನದೋ ಅಜ್ಜಿಯದೋ ಆಗಿಬಿಡುವುದು ಅಲ್ಲಿ ಹೊಸ ಸಂಗತಿಯೇನಲ್ಲ.

ನಿಜವಾದ ಮನೆಗೆ ಗೋಡೆ ಎದ್ದ ಮೇಲೆ ಒಳಗೆ ಏಣಿ ಹಾಕಿ ನಿಂತು ಬಣ್ಣ ಬಳಿಯಬಹುದು, ತಂತಿ ಎಳೆಯಬಹುದು. ಗೊಂಬೆಮನೆಯಲ್ಲಿ ಅದು ಆಗದ ಮಾತು. ಮೆಟ್ಟಿಲ ಹಿಂದಿನ ಮೂಲೆಗೆ ಎರಡು ಬೆರಳು ಹೋದರೆ ಹೆಚ್ಚು. ಹಾಗಾಗಿ ಇಲ್ಲಿ ಕೈಚಳಕಕ್ಕಿಂತ ಯಾವುದು ಮೊದಲು, ಯಾವುದು ಆಮೇಲೆ ಎಂಬ ಲೆಕ್ಕವೇ ಮುಖ್ಯ. ಅಂಟಿನ ಡಬ್ಬಿ ತೆರೆಯುವ ಮುಂಚೆಯೇ ಅರ್ಧ ಮನೆ ತೀರ್ಮಾನವಾಗಿರಬೇಕು.

ಆಟಿಕೆಯಾಗುವ ಮುಂಚೆ

ಬವೇರಿಯಾದ ಡ್ಯೂಕ್ ಐದನೇ ಆಲ್ಬ್ರೆಕ್ಟ್ 1557-58ರಲ್ಲಿ ಮ್ಯೂನಿಕ್‌ನಲ್ಲಿ ಒಂದು ಪುಟ್ಟ ಮನೆ ಮಾಡಿಸಿದ. ದಾಖಲೆಗೆ ಸಿಗುವ ಯುರೋಪಿನ ಮೊದಲ ಗೊಂಬೆಮನೆ ಅದೇ ಎನ್ನುತ್ತಾರೆ. ಮನೆ ಬೆಂಕಿಗೆ ಆಹುತಿಯಾಯಿತು, ಒಳಗೆ ಏನೇನಿತ್ತು ಎಂಬ ಪಟ್ಟಿ ಉಳಿಯಿತು. ಮುಂದಿನ ಶತಮಾನದಲ್ಲಿ ಈ ಗೀಳು ಡಚ್ ವರ್ತಕರ ಹೆಂಡತಿಯರಿಗೆ ಹತ್ತಿತು. ಆಮ್‌ಸ್ಟರ್‌ಡಾಮಿನ ರೈಕ್ಸ್ ಮ್ಯೂಸಿಯಮ್ಮಿನಲ್ಲಿರುವ ಪೆಟ್ರೊನೆಲ್ಲಾ ಊರ್ಟ್‌ಮನ್‌ಳ ಗೊಂಬೆಮನೆ 1686ರಿಂದ 1710ರ ನಡುವೆ ರೂಪುಗೊಂಡದ್ದು. ಆಮೆಚಿಪ್ಪಿನ ಹೊದಿಕೆಯ ಬೀರುವಿನೊಳಗೆ ಕೋಣೆಗಳು, ಕೋಣೆಗಳೊಳಗೆ ಏಷ್ಯಾದಿಂದ ತರಿಸಿದ ಪುಟಾಣಿ ಪಿಂಗಾಣಿ. ಕಾಲುವೆ ದಂಡೆಯ ನಿಜವಾದ ಮನೆಗೆ ಎಷ್ಟು ಬೀಳುತ್ತಿತ್ತೋ ಇದಕ್ಕೂ ಅಷ್ಟೇ ಬಿತ್ತಂತೆ. ಮಗುವಿನ ಕೈಗೆ ಕೊಡುವ ವಸ್ತುವಾಗಿರಲಿಲ್ಲ ಅದು.

ಎಲ್ಲರೂ ಬಲ್ಲ ಗೊಂಬೆಮನೆ ಮಾತ್ರ ಇಂಗ್ಲೆಂಡಿನ ವಿಂಡ್ಸರ್ ಕೋಟೆಯಲ್ಲಿದೆ. ರಾಣಿ ಮೇರಿಗಾಗಿ 1921ರಿಂದ 1924ರವರೆಗೆ ಕಟ್ಟಿದ ಈ ಮನೆಯ ವಾಸ್ತುಶಿಲ್ಪಿ ಎಡ್ವಿನ್ ಲುಟ್ಯೆನ್ಸ್. ಹೌದು, ಅದೇ ಲುಟ್ಯೆನ್ಸ್. ನವದೆಹಲಿಯಲ್ಲಿ ಈಗ ರಾಷ್ಟ್ರಪತಿ ಭವನವಾಗಿರುವ ಭಾರಿ ಕಟ್ಟಡ ಏಳುತ್ತಿದ್ದ ವರ್ಷಗಳಲ್ಲೇ ಆತ ಇತ್ತ ಇಂಚಿನ ಲೆಕ್ಕದ ಅರಮನೆಯನ್ನೂ ಬರೆಯುತ್ತಿದ್ದ. ಇದರ ನಲ್ಲಿಗಳಲ್ಲಿ ನೀರು ಬರುತ್ತದೆ, ಲಿಫ್ಟ್ ಓಡುತ್ತದೆ, ದೀಪ ಉರಿಯುತ್ತದೆ. ಗ್ರಂಥಾಲಯಕ್ಕೆ ಆರ್ಥರ್ ಕಾನನ್ ಡಾಯ್ಲ್ ತನ್ನ ಕೈಯಾರೆ ಒಂದು ಪುಟಾಣಿ ಷರ್ಲಾಕ್ ಹೋಮ್ಸ್ ಕಥೆ ಬರೆದುಕೊಟ್ಟ. ಹೊರಗೋಡೆಗಳು ಒಂದು ಕವಚದಂತೆ ಇಡಿಯಾಗಿ ಮೇಲೇರುತ್ತವೆ, ಆಗ ನಾಲ್ಕೂ ಕಡೆಯ ಕೋಣೆಗಳು ಕಾಣುತ್ತವೆ. ಒಳಗೆ ಕೈ ಹೋಗಬೇಕೆಂಬ ಸಮಸ್ಯೆಗೆ ಲುಟ್ಯೆನ್ಸ್ ಕಂಡುಕೊಂಡ ಪರಿಹಾರ ಅದು. ಅಷ್ಟು ಹಣವಿಲ್ಲದ ನಮಗೆ ಕೀಲುಬಾಗಿಲೇ ಗತಿ.

ಗೊಂಬೆಮನೆಗೆ ತೀರ ಬೇರೆಯದೊಂದು ಉಪಯೋಗ ಕಂಡುಕೊಂಡವಳು ಅಮೆರಿಕದ ಫ್ರಾನ್ಸಿಸ್ ಗ್ಲೆಸ್ನರ್ ಲೀ. 1940ರ ದಶಕದಲ್ಲಿ ಆಕೆ ಸಂಶಯಾಸ್ಪದ ಸಾವುಗಳ ದೃಶ್ಯಗಳನ್ನು ಪುಟ್ಟ ಕೋಣೆಗಳಾಗಿ ಮಾಡಿಸಿದಳು. ಪೊಲೀಸರು ಅವನ್ನು ನೋಡಿ ಸುಳಿವು ಹುಡುಕುವುದನ್ನು ಕಲಿಯಬೇಕಿತ್ತು. ಗೊಂಬೆಯ ಕಾಲುಚೀಲವನ್ನು ಆಕೆ ಗುಂಡುಸೂಜಿಗಳಲ್ಲಿ ಹೆಣೆದಳು. ಅಂಥ 18 ಕೋಣೆಗಳು ಇಂದಿಗೂ ಬಾಲ್ಟಿಮೋರ್‌ನಲ್ಲಿ ತರಬೇತಿಗೆ ಬಳಕೆಯಲ್ಲಿವೆ.

ಅಳತೆಯ ಲೆಕ್ಕ

ಗೊಂಬೆಮನೆಯವರ ಮಾತು ಶುರುವಾಗುವುದೇ ಅಳತೆಯಿಂದ. ಹೆಚ್ಚು ಚಾಲ್ತಿಯಲ್ಲಿರುವುದು 1:12, ಅಂದರೆ ನಿಜದ ಒಂದಡಿ ಇಲ್ಲಿ ಒಂದಿಂಚು. ರಾಣಿ ಮೇರಿಯ ಮನೆಯೂ ಷಿಕಾಗೋ ಆರ್ಟ್ ಇನ್‌ಸ್ಟಿಟ್ಯೂಟಿನಲ್ಲಿರುವ ಥಾರ್ನ್ ಹೆಸರಿನ 68 ಪುಟ್ಟ ಕೋಣೆಗಳೂ ಇದೇ ಅಳತೆಯವು. ಇದರ ಅರ್ಧ 1:24, ಕಾಲು ಭಾಗ 1:48. ಸ್ವೀಡನ್ನಿನ ಲುಂಡ್‌ಬಿ ಮನೆಗಳು 1:18, ಬಾರ್ಬಿಯ ಸಾಮಾನೆಲ್ಲ ಹೆಚ್ಚುಕಡಿಮೆ 1:6.

ಅಡಿ-ಇಂಚಿನಲ್ಲಿ ಮನೆ ಕಟ್ಟುವ ನಮ್ಮ ಮೇಸ್ತ್ರಿಗಳಿಗೆ 1:12 ಕಲಿಸಬೇಕಾಗಿಯೇ ಇಲ್ಲ. ಹತ್ತಡಿ ಎತ್ತರದ ಕೋಣೆ ಹತ್ತಿಂಚು, ಏಳಡಿ ಬಾಗಿಲು ಏಳಿಂಚು, ಒಂದೂವರೆ ಅಡಿ ಎತ್ತರದ ಕುರ್ಚಿ ಒಂದೂವರೆ ಇಂಚು. ಕಿಟ್‌ನ ಹಲಗೆಯ ದಪ್ಪ ಎಂಟನೇ ಒಂದಿಂಚಾದರೆ ಅದು ನಿಜದಲ್ಲಿ ಬರೀ ಒಂದೂವರೆ ಇಂಚಿನ ಗೋಡೆ. ಕಿಟಕಿಯ ಅಂಚಿನಲ್ಲಿ ಆ ತೆಳುವು ಎದ್ದು ಕಾಣುತ್ತದೆ, ಮನೆ ರಟ್ಟಿನದೆನ್ನಿಸುತ್ತದೆ. ಎಂಟನೇ ಮೂರಿಂಚಿನ ಹಲಗೆಯಾದರೆ ಸರಿಯಾಗಿ ನಾಲ್ಕೂವರೆ ಇಂಚಿನ ಗೋಡೆ. ಬೆಂಗಳೂರಿನ ಯಾವ ಸೈಟಿನಲ್ಲಾದರೂ ಕೇಳಿ, ಒಳಗೋಡೆಗೆ ಹೇಳುವ ಅಳತೆ ಅದೇ.

1:24ರ ಮನೆ 1:12ರ ಅರ್ಧ ಎಂದು ಹೇಳಿದರೂ ಅದು ಅರ್ಧ ಉದ್ದ ಮಾತ್ರ. ನೆಲ ನಾಲ್ಕನೇ ಒಂದು ಭಾಗ, ಒಳಗಿನ ಜಾಗ ಎಂಟನೇ ಒಂದು ಭಾಗ. ಕಪಾಟಿನಲ್ಲಿ ಇಡಲು ಅನುಕೂಲ ನಿಜ, ಆದರೆ ಟೀ ಕಪ್ಪಿನ ಹಿಡಿಯನ್ನು ಚಿಮಟದಲ್ಲಿ ಹಿಡಿದು ಕೂರಿಸುವಾಗ ಅದರ ಬೆಲೆ ತೆರಬೇಕಾಗುತ್ತದೆ. ಮೊದಲ ಸಲ ಕಟ್ಟುವವರಿಗೆ 1:12 ವಾಸಿ. ಬೆರಳಿಗೂ ಕಣ್ಣಿಗೂ ಅದೇ ದಯಾಳು.

ಮರ, ಬಟ್ಟೆ, ಬಣ್ಣಗಳು ಮಾತ್ರ ಅಳತೆಗೆ ತಕ್ಕಂತೆ ಕುಗ್ಗುವುದಿಲ್ಲ, ತೊಡಕೆಲ್ಲ ಇರುವುದು ಇಲ್ಲಿ. ತೇಗದ ನಾರು ಗೊಂಬೆಯ ಮೇಜಿನ ಮೇಲೆ ಉಳುಮೆಯ ಸಾಲಿನಂತೆ ಕಾಣುತ್ತದೆ. ಐದೂವರೆ ಮೀಟರ್ ಸೀರೆ ಈ ಲೆಕ್ಕದಲ್ಲಿ ಸುಮಾರು 46 ಸೆಂಟಿಮೀಟರ್ ಆಗಬಹುದು, ಆದರೆ ಎಳೆಯ ದಪ್ಪ ಮೊದಲಿದ್ದಷ್ಟೇ. ನೆರಿಗೆ ಬೀಳದೆ ರಟ್ಟಿನ ಹಾಗೆ ಸೆಟೆದು ನಿಲ್ಲುತ್ತದೆ. ಪದರದ ಮೇಲೆ ಪದರ ಬಳಿದ ಬಣ್ಣ ಕಾಲು ಮಿಲಿಮೀಟರ್ ದಪ್ಪವಾದರೂ ನಿಜದ ಲೆಕ್ಕದಲ್ಲಿ ಮೂರು ಮಿಲಿಮೀಟರಿನ ಲೇಪವಾಯಿತು. ಮೇಲೆ ಕೆಳಗೆ ಜಾರಬೇಕಾದ ಕಿಟಕಿ ಅಲ್ಲೇ ಕಚ್ಚಿಕೊಳ್ಳುತ್ತದೆ.

ಪೆಟ್ಟಿಗೆಯಲ್ಲಿ ಏನಿರುತ್ತದೆ

ಕಿಟ್‌ಗಳಲ್ಲಿ ಮೂರು ಬಗೆ. ಅಮೆರಿಕದ ಗ್ರೀನ್‌ಲೀಫ್ ಕಂಪನಿಯವು ತೆಳು ಪ್ಲೈವುಡ್ಡಿನವು. ಹಾಳೆಯಲ್ಲಿ ಆಕಾರಗಳನ್ನು ಅಚ್ಚೊತ್ತಿ ಕತ್ತರಿಸಿರುತ್ತಾರೆ, ಒಂದರ ನಾಲಗೆಯನ್ನು ಇನ್ನೊಂದರ ಸೀಳಿಗೆ ತೂರಿಸಿ ಜೋಡಿಸಬೇಕು. ಬೆಲೆ ಕಡಿಮೆ, ಕೆಲಸ ವಿಪರೀತ. ಬೀಕನ್ ಹಿಲ್ ಎಂಬ ಮಾದರಿಯಂಥ ದೊಡ್ಡ ವಿಕ್ಟೋರಿಯನ್ ಮನೆಗಳು ಈ ಜಾತಿಯವು. ಎರಡನೆಯ ಬಗೆ ದಪ್ಪ ಹಲಗೆಯದು, ಪ್ಲೈವುಡ್ ಅಥವಾ ಎಂಡಿಎಫ್. ಗೋಡೆ ಕೂರುವ ಕಡೆ ಮೊದಲೇ ಗಾಡಿ (ಉದ್ದನೆಯ ತೋಡು) ಕೊರೆದಿರುತ್ತಾರೆ. ವರ್ಮಾಂಟ್‌ನ ರಿಯಲ್ ಗುಡ್ ಟಾಯ್ಸ್‌ನದು ಈ ಪದ್ಧತಿ. ದುಬಾರಿ, ಆದರೆ ಗೋಡೆ ಬಾಗುವುದು ಕಡಿಮೆ, ಹೊರ ಆಕಾರ ಬೇಗ ನಿಲ್ಲುತ್ತದೆ.

ಮೂರನೆಯದು ಈಚಿನದು, ಲೇಸರಿನಲ್ಲಿ ಕತ್ತರಿಸಿದ ಒಂದು-ಎರಡು ಕೋಣೆಯ ಚಿಕ್ಕ ಕಿಟ್. ಚೀನಾದ ರೊಬೊಟೈಮ್ ಕಂಪನಿಯ ರೋಲೈಫ್ ಸರಣಿ ಇದರಲ್ಲಿ ಹೆಸರುವಾಸಿ. ಹೂಕುಂಡದ ಎಲೆಯಿಂದ ದಿಂಬಿನ ಹತ್ತಿಯವರೆಗೆ, ಎಲ್‌ಇಡಿ ದೀಪದ ಸಮೇತ ಎಲ್ಲವೂ ಪೆಟ್ಟಿಗೆಯಲ್ಲೇ ಇರುತ್ತವೆ. ಭಾರತದ ಆನ್‌ಲೈನ್ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು ಈ ಬಗೆಯದೇ. ಕೆಲಸ ಚೊಕ್ಕಟ, ಆದರೆ ಕೈಪಿಡಿ ಹೇಳಿದ್ದನ್ನು ಬಿಟ್ಟು ಬೇರೇನೂ ಮಾಡಲು ಜಾಗವಿಲ್ಲ. ಸಾವಿರ ಜನ ಕಟ್ಟಿದ ಕೋಣೆ ಸಾವಿರವೂ ಒಂದೇ. ದೊಡ್ಡ ಕಿಟ್‌ಗಳಲ್ಲಿ ಬರುವುದು ಬರಿಯ ಮನೆ, ಒಳಗಿನ ಸಂಸಾರವನ್ನು ನಾವೇ ಹೂಡಬೇಕು.

ಬಾಯಿ ಯಾವ ಕಡೆಗೆ ಎಂಬುದನ್ನೂ ಕೊಳ್ಳುವಾಗಲೇ ನೋಡಿಕೊಳ್ಳಬೇಕು. ಅಮೆರಿಕದ ಮನೆಗಳಿಗೆ ಸಾಮಾನ್ಯವಾಗಿ ಹಿಂಭಾಗ ಬಯಲು, ಮುಂಭಾಗ ಪೂರ್ತಿ ಕಟ್ಟಿದ್ದು. ಬ್ರಿಟಿಷ್ ಮನೆಗಳಿಗೆ ಮುಂಭಾಗವೇ ಕದದಂತೆ ತೆರೆಯುತ್ತದೆ. ಗೋಡೆಗೆ ಒತ್ತಿ ಇಡುವುದಾದರೆ ಬ್ರಿಟಿಷ್ ಪದ್ಧತಿಯೇ ಸರಿ. ಇಲ್ಲದಿದ್ದರೆ ಅಡಿಗೆ ತಿರುಗುವ ಪೀಠ ಬೇಕು.

ಅಂಟಿಗೆ ಮುಂಚೆ

ಅಚ್ಚೊತ್ತಿದ ಹಾಳೆ ಕೈಗೆ ಬಂದ ಕೂಡಲೇ ತುಂಡುಗಳನ್ನು ಒತ್ತಿ ಬಿಡಿಸುವ ಆಸೆಯಾಗುತ್ತದೆ. ಬಿಡಿಸಬಾರದು. ಬಹಳ ತುಂಡುಗಳ ಮೇಲೆ ಗುರುತೇ ಇರುವುದಿಲ್ಲ, ಹಾಳೆಯಲ್ಲಿ ಅವು ಎಲ್ಲಿದ್ದವು ಎಂಬುದೇ ಅವುಗಳ ವಿಳಾಸ. ಮೊದಲು ಪ್ರತಿ ಹಾಳೆಯ ಫೋಟೊ ತೆಗೆದುಕೊಂಡು, ಪ್ರತಿ ತುಂಡಿನ ಹಿಂದೆ ಪೆನ್ಸಿಲಿನಲ್ಲಿ ಸಂಖ್ಯೆ ಬರೆಯಬೇಕು. ಆಮೇಲೂ ಬೆರಳಿನಿಂದ ತಳ್ಳದೆ, ಹಾಳೆಯನ್ನು ಮಗುಚಿ ಹಿಂಬದಿಯಿಂದ ಚೂಪು ಬ್ಲೇಡಿನಲ್ಲಿ ಗೆರೆ ಎಳೆದರೆ ಸಿಬಿರು ಏಳುವುದಿಲ್ಲ. ಹೂಬಳ್ಳಿಯಂಥ ಅಲಂಕಾರದ ಪಟ್ಟಿಗಳು ಮುರಿಯುವುದೇ ಈ ಹಂತದಲ್ಲಿ. ಮುರಿದರೂ ಚಿಂತೆಯಿಲ್ಲ, ಒಂದು ಹನಿ ಅಂಟು, ಒಂದು ರಾತ್ರಿ, ಮೇಲೆ ಬಣ್ಣ.

ಆಮೇಲಿನದು ಒಣ ಜೋಡಣೆ. ಅಂಟಿಲ್ಲದೆ ಬರೀ ಮಾಸ್ಕಿಂಗ್ ಟೇಪಿನಲ್ಲಿ ಇಡೀ ಮನೆಯನ್ನು ಒಮ್ಮೆ ನಿಲ್ಲಿಸಿ ನೋಡುವುದು. ಇದನ್ನು ಬಿಟ್ಟವರೇ ಹೆಚ್ಚು, ಅತ್ತವರೂ ಅವರೇ. ನಾಲಗೆ ಸೀಳಿಗೆ ಬಿಗಿಯಾದರೆ ಈಗಲೇ ಗೊತ್ತಾಗುತ್ತದೆ, ನಾಲ್ಕು ಸಲ ಸ್ಯಾಂಡ್‌ಪೇಪರ್ ಆಡಿಸಿದರೆ ಮುಗಿಯಿತು. ಅಂಟು ಹಚ್ಚಿದ ಮೇಲೆ ಗೊತ್ತಾದರೆ ಸುತ್ತಿಗೆ ಬೇಕಾಗುತ್ತದೆ. ಹೀಗೆ ನಿಂತ ಮನೆಯೊಳಗೆ ಕೈ ತೂರಿಸಿ ನೋಡಬೇಕು. ಎಲ್ಲೆಲ್ಲಿ ಕುಂಚ ಮುಟ್ಟುವುದಿಲ್ಲವೋ ಅದನ್ನೆಲ್ಲ ಬರೆದಿಟ್ಟುಕೊಂಡು, ಟೇಪು ಕಿತ್ತು, ಹಲಗೆ ಮೇಜಿನ ಮೇಲೆ ಚಪ್ಪಟೆ ಮಲಗಿರುವಾಗಲೇ ಬಣ್ಣ ಬಳಿದುಬಿಡಬೇಕು. ಮೆಟ್ಟಿಲು, ಅದರ ಕಟಕಟೆಯ ಗೂಟಗಳು, ಕಿಟಕಿ ಚೌಕಟ್ಟು, ಸೂರಿನ ಒಳಮೈ ಇವು ಈ ಪಟ್ಟಿಯಲ್ಲಿ ಖಾಯಂ.

ಪ್ರೈಮರ್ ಬಳಿಯುವಾಗ ಹಲಗೆಯ ಎರಡೂ ಮುಖಕ್ಕೆ ಬಳಿಯಬೇಕು. ಒಂದೇ ಕಡೆ ಬಳಿದರೆ ಒಂದು ಮುಖ ತೇವ ಹೀರಿ ಹಿಗ್ಗಿ, ಹಲಗೆ ಬಿಲ್ಲಿನಂತೆ ಬಾಗುತ್ತದೆ. ಮಂಗಳೂರು, ಕಾರವಾರದ ಮಳೆಗಾಲದಲ್ಲಿ ಕಟ್ಟುವವರಿಗೆ ಈ ಮಾತು ಎರಡು ಪಟ್ಟು ಸತ್ಯ. ಎಂಡಿಎಫ್‌ನ ಅಂಚು ಬಣ್ಣ ಕುಡಿಯುತ್ತಲೇ ಇರುತ್ತದೆ, ನೀರು ಬೆರೆಸಿದ ಮರದ ಅಂಟನ್ನು ಅಲ್ಲಿಗೆ ಮೊದಲು ಸವರಿದರೆ ದಾಹ ತೀರುತ್ತದೆ.

ಜೋಡಣೆಗೆ ಬಡಗಿಗಳ ಬಿಳಿ ಅಥವಾ ಹಳದಿ ಅಂಟೇ ಸಾಕು. ಗ್ಲೂ ಗನ್ನಿನ ಬಿಸಿ ಅಂಟು ಬೇಗ ಹಿಡಿಯುತ್ತದೆ ಎಂದು ಹಲವರು ಅದಕ್ಕೆ ಮರುಳಾಗುತ್ತಾರೆ. ಅದು ತಣ್ಣಗಾದಾಗ ಕೀಲಿನ ನಡುವೆ ದಪ್ಪ ಪದರವಾಗಿ ಉಳಿದು ಮೂಲೆಗಳು ಕೂಡುವುದಿಲ್ಲ, ಕೆಲವು ಬೇಸಿಗೆ ಕಳೆದರೆ ಬಿಟ್ಟುಕೊಂಡು ಬರುತ್ತದೆ. ಮರದ ಅಂಟು ಅರ್ಧ ಗಂಟೆ ಒತ್ತಿ ಹಿಡಿಯಲು ಕೇಳುತ್ತದೆ, ಪೂರ್ತಿ ಗಟ್ಟಿಯಾಗಲು ಒಂದು ದಿನ. ಒತ್ತಲು ಕ್ಲಾಂಪ್ ಇಲ್ಲದಿದ್ದರೆ ಟೇಪು, ರಬ್ಬರ್ ಬ್ಯಾಂಡ್, ದಪ್ಪ ನಿಘಂಟು. ಒಂದನ್ನು ಮಾತ್ರ ಬಿಡುವ ಹಾಗಿಲ್ಲ, ಮೂಲೆಮಟ್ಟ. ತಳದ ಮೂಲೆ ಕೂದಲೆಳೆಯಷ್ಟು ಓರೆಯಾದರೂ ಮೂರನೇ ಮಹಡಿಗೆ ಹೋಗುವಷ್ಟರಲ್ಲಿ ಸೂರಿನ ಎರಡು ಇಳಿಜಾರು ಒಂದಕ್ಕೊಂದು ಸೇರುವುದೇ ಇಲ್ಲ.

ತಂತಿ ಎಳೆಯುವುದು

ದೀಪ ಬೇಕೋ ಬೇಡವೋ ಎಂಬುದು ಗೋಡೆ ನಿಲ್ಲುವ ಮುಂಚಿನ ಪ್ರಶ್ನೆ. ಹಳೆಯ ಪದ್ಧತಿಯಲ್ಲಿ ಅಂಟುಳ್ಳ ತಾಮ್ರದ ಪಟ್ಟಿಯನ್ನು ಗೋಡೆಗೆ ಹಚ್ಚಿ, ಅದರ ಮೇಲೆ ವಾಲ್‌ಪೇಪರ್ ಅಂಟಿಸುತ್ತಾರೆ. ದೀಪ ಬೇಕಾದ ಕಡೆ ಕಾಗದದ ಮೂಲಕ ಪುಟ್ಟ ಮೊಳೆ ಚುಚ್ಚಿದರೆ ತಾಮ್ರ ಸಿಗುತ್ತದೆ. ಇನ್ನೊಂದು ಪದ್ಧತಿ ಸಾದಾ ತಂತಿಯದು, ನೆಲಹಾಸಿನ ಕೆಳಗೆ ಗಾಡಿ ತೋಡಿ ಒಯ್ಯುವುದು. ತಾಮ್ರದ ಪಟ್ಟಿ ಎಷ್ಟು ಕೋಣೆಯಿದ್ದರೂ ಹಬ್ಬುತ್ತದೆ, ಕೆಟ್ಟರೆ ಎಲ್ಲಿ ಕೆಟ್ಟಿತೆಂದು ಸೂಜಿ ಚುಚ್ಚಿ ಹುಡುಕಬಹುದು. ಎರಡು ಕೋಣೆಯ ಮನೆಗೆ ಅಷ್ಟೆಲ್ಲ ಬೇಕಿಲ್ಲ.

ವಿದ್ಯುತ್ತು ಸಾಮಾನ್ಯವಾಗಿ 12 ವೋಲ್ಟ್. ಗೋಧಿಕಾಳಿನಷ್ಟು, ಅಕ್ಕಿಕಾಳಿನಷ್ಟು ದೊಡ್ಡ ಬಲ್ಬುಗಳನ್ನು ಆ ಕಾಳಿನ ಹೆಸರಿನಿಂದಲೇ ಕರೆಯುತ್ತಾರೆ. ಈಗ ಆ ಜಾಗಕ್ಕೆ ಎಲ್‌ಇಡಿ ಬಂದಿದೆ. 3 ವೋಲ್ಟಿನ ಬಿಳಿ ಎಲ್‌ಇಡಿಯನ್ನು 12 ವೋಲ್ಟಿಗೆ ನೇರ ಕೊಟ್ಟರೆ ಒಂದು ಕ್ಷಣ ಬೆಳಗಿ ಸುಟ್ಟುಹೋಗುತ್ತದೆ. 20 ಮಿಲಿಆಂಪಿಯರ್ ಲೆಕ್ಕದಲ್ಲಿ ಉಳಿದ 9 ವೋಲ್ಟನ್ನು ತಡೆಯಲು 450 ಓಮ್ ಬೇಕು, ಅಂಗಡಿಯಲ್ಲಿ 470 ಓಮಿನದು ಸಿಗುತ್ತದೆ. ಬೆಳ್ಳನೆಯ ಬೆಳಕಿಗಿಂತ ಹಳದಿ ಬೆಳಕು ಒಪ್ಪುತ್ತದೆ, ಬೆಳ್ಳನೆಯದರಲ್ಲಿ ಎಂಥ ಚೆಂದದ ಕೋಣೆಯೂ ಔಷಧಿ ಅಂಗಡಿಯಾಗುತ್ತದೆ. ಅಮೆರಿಕದಿಂದ ನೆಂಟರು ತಂದುಕೊಟ್ಟ ಕಿಟ್ ಆಗಿದ್ದರೆ ಅಡಾಪ್ಟರಿನ ಬೆನ್ನಿನ ಬರಹ ಓದಿ. ಅಲ್ಲಿನ ಮನೆಗಳ ವಿದ್ಯುತ್ತು 120 ವೋಲ್ಟ್, ನಮ್ಮದು 230. ಬರೀ 120 ಎಂದಿದ್ದರೆ ನಮ್ಮ ಪ್ಲಗ್ಗಿಗೆ ಹಾಕಬಾರದು, ಇಲ್ಲಿಯದೇ 12 ವೋಲ್ಟಿನ ಅಡಾಪ್ಟರ್ ಕೊಂಡರಾಯಿತು.

ಗೋಡೆ, ನೆಲ, ಸೂರು

ವಾಲ್‌ಪೇಪರನ್ನು ನೇರ ಗೋಡೆಗೆ ಅಂಟಿಸುವ ಬದಲು ತೆಳು ರಟ್ಟಿಗೆ ಅಂಟಿಸಿ, ಆ ರಟ್ಟನ್ನು ಗೋಡೆಗೆ ಆನಿಸುವುದು ಜಾಣತನ. ತಂತಿ ಕೆಟ್ಟರೆ ರಟ್ಟು ತೆಗೆಯಬಹುದು, ಮನಸ್ಸು ಬದಲಾದರೂ ತೆಗೆಯಬಹುದು. ಹಿಂಗೋಡೆಯ ಕಾಗದವನ್ನು ಎರಡೂ ಕಡೆ ಅರ್ಧ ಸೆಂಟಿಮೀಟರ್ ಹೆಚ್ಚಿಗೆ ಬಿಟ್ಟು ಮೂಲೆಯಲ್ಲಿ ಮಡಚಿ, ಪಕ್ಕದ ಗೋಡೆಗಳದನ್ನು ಕರಾರುವಾಕ್ಕಾಗಿ ಕತ್ತರಿಸಿ ಅದರ ಮೇಲೆ ಕೂರಿಸಿದರೆ ಸಂದಿಯಲ್ಲಿ ಬಿಳಿ ಗೆರೆ ಇಣುಕುವುದಿಲ್ಲ. ಹೂವಿನ ಚಿತ್ತಾರ ಸಣ್ಣದಿರಲಿ. ಉಡುಗೊರೆ ಸುತ್ತುವ ಕಾಗದದ ಒಂದಿಂಚಿನ ಗುಲಾಬಿ ಇಲ್ಲಿ ಒಂದಡಿಯದಾಗುತ್ತದೆ.

ಮರದ ನೆಲಕ್ಕೆ ಐಸ್‌ಕ್ರೀಮ್ ಕಡ್ಡಿ, ಕಾಫಿ ಕದಡುವ ಕಡ್ಡಿ ಸಾಕು. ಗುಂಡು ತುದಿ ಕತ್ತರಿಸಿ, ಸಾಲಿನಿಂದ ಸಾಲಿಗೆ ಸಂದಿ ತಪ್ಪಿಸಿ ಹಾಸಬೇಕು. ಬಣ್ಣದ ಪಾಲಿಶನ್ನು ಹಾಸುವ ಮುಂಚೆ ಕಡ್ಡಿಗಳಿಗೆ ಹಚ್ಚಿಬಿಡಬೇಕು. ಅಂಟು ಸೋರಿ ಒಣಗಿದ ಜಾಗ ಆಮೇಲೆ ಪಾಲಿಶ್ ಹೀರುವುದಿಲ್ಲ, ಕಂದು ನೆಲದ ನಡುವೆ ಬೆರಳಚ್ಚಿನಷ್ಟಗಲ ಪೇಲವ ಕಲೆ ಉಳಿದುಬಿಡುತ್ತದೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ, ಮೇಲೊಂದು ಚಾಪೆ ಹಾಸಿದರೆ ಮಾತ್ರ ಮುಚ್ಚೀತು. ಚಿತ್ರಗಳಲ್ಲಿ ಕಾಣುವ ಎಷ್ಟೋ ಗೊಂಬೆಮನೆಗಳ ಜಮಖಾನೆಗಳ ಗುಟ್ಟು ಇದೇ ಇರಬೇಕೆಂದು ನನ್ನ ಅನುಮಾನ.

ಸೂರಿಗೆ ಅಮೆರಿಕದ ಕಿಟ್‌ಗಳಲ್ಲಿ ಮರದ ಚಕ್ಕೆಗಳ ಹೆಂಚು ಬರುತ್ತದೆ. ಹೊದಿಕೆ ಕೆಳಗಿನ ಅಂಚಿನಿಂದ ಮೇಲಕ್ಕೆ, ಮೊದಲ ಸಾಲು ಎರಡು ಪದರ. ಮಂಗಳೂರು ಹೆಂಚಿನ ಮನೆ ಕಂಡವರಿಗೆ ಇದರಲ್ಲಿ ಕಲಿಯುವುದೇನೂ ಇಲ್ಲ. ಚಕ್ಕೆಗಳಿಗೆ ನೀರಿನ ಅಂಟು ಮಾತ್ರ ಕೂಡದು, ಒಂದು ಮುಖ ನೆನೆದು ಸುರುಳಿ ಸುತ್ತುತ್ತವೆ.

ಒಳಗಿನ ಸಂಸಾರ

1970ರ ದಶಕದಲ್ಲಿ ಅಮೆರಿಕದಲ್ಲಿ ಈ ಹವ್ಯಾಸ ಮತ್ತೆ ಚಿಗುರಿದಾಗ ಪೀಠೋಪಕರಣಕ್ಕೂ ಕಿಟ್‌ಗಳು ಬಂದವು. ಎಕ್ಸ್-ಆಕ್ಟೊ ಕಂಪನಿಯ ಹೌಸ್ ಆಫ್ ಮಿನಿಯೇಚರ್ಸ್ ಸರಣಿಯ ಮರದ ಮೇಜು, ಬೀರುಗಳನ್ನು ಹವ್ಯಾಸಿಗಳು ಇಂದಿಗೂ ಹಳೆಯ ಪೆಟ್ಟಿಗೆಗಳಲ್ಲಿ ಹುಡುಕಿ ಕೊಳ್ಳುತ್ತಾರೆ. ಸಿದ್ಧವಾದದ್ದನ್ನೇ ಕೊಂಡರೂ ಹಾಗೇ ಇಡಬಾರದು. ಅಗ್ಗದ ಸಾಮಾನಿನ ಹೊಳಪು ಹೆಚ್ಚು, ಸ್ಯಾಂಡ್‌ಪೇಪರ್ ಆಡಿಸಿ ಮಂಕು ವಾರ್ನಿಷ್ ಬಳಿದರೆ ಬೆಲೆ ಎರಡು ಪಟ್ಟು ಕಾಣುತ್ತದೆ.

ತಿಂಡಿ-ತೀರ್ಥವೆಲ್ಲ ಪಾಲಿಮರ್ ಜೇಡಿಯದು. 110ರಿಂದ 135 ಡಿಗ್ರಿ ಶಾಖದಲ್ಲಿ, ಬ್ರ್ಯಾಂಡಿಗೆ ತಕ್ಕಂತೆ, ಅಡುಗೆಮನೆಯ ಓವನ್‌ನಲ್ಲೇ ಬೇಯುತ್ತದೆ. ನಿಂಬೆ ಹೋಳು ಮಾಡುವ ಬಗೆ ನೋಡಲು ಸೊಗಸು. ಹಳದಿ ತೊಳೆಗಳನ್ನು ಬೆರಳುದ್ದದ ಕಡ್ಡಿಗಳಾಗಿ ಮಾಡಿ, ನಡುವೆ ಬಿಳಿ ಪದರವಿಟ್ಟು, ಸುತ್ತ ಸಿಪ್ಪೆ ಹೊದಿಸಿ, ಇಡೀ ಕಂತೆಯನ್ನು ಹೊಸೆದು ಹೊಸೆದು ಪೆನ್ಸಿಲಿಗಿಂತ ತೆಳ್ಳಗೆ ಎಳೆಯುತ್ತಾರೆ. ಎಷ್ಟು ಎಳೆದರೂ ಒಳಗಿನ ಚಿತ್ರ ಕೆಡುವುದಿಲ್ಲ. ಆಮೇಲೆ ಬ್ಲೇಡಿನಲ್ಲಿ ಕೊಯ್ಯುತ್ತ ಹೋದರೆ ಕೊಯ್ದಷ್ಟೂ ನಿಂಬೆ.

ಪರದೆಗೆ, ಹಾಸಿಗೆಗೆ ಹಳೆಯ ತೆಳು ರೇಷ್ಮೆ ಅಥವಾ ನವುರಾದ ಮಲ್ ಬಟ್ಟೆ ಬೇಕು. ನೀರು ಬೆರೆಸಿದ ಅಂಟಿನಲ್ಲಿ ಅದ್ದಿ, ಥರ್ಮಾಕೋಲಿನ ಮೇಲೆ ಗುಂಡುಸೂಜಿಗಳಿಂದ ನೆರಿಗೆ ಹಿಡಿದು ಒಣಗಿಸಿದರೆ ಭಾರವಿರುವ ಬಟ್ಟೆಯಂತೆ ಇಳಿಬೀಳುತ್ತದೆ. ಮನೆ ನಿಜವೆನ್ನಿಸುವುದಕ್ಕೆ ದುಬಾರಿ ಸೋಫಾಗಿಂತ ಸ್ವಿಚ್ ಬೋರ್ಡು, ಬಾಗಿಲ ಹಿಡಿ, ಮೇಜಿನ ಮೇಲೆ ಮಗುಚಿಟ್ಟ ಪುಸ್ತಕ ಹೆಚ್ಚು ಕೆಲಸ ಮಾಡುತ್ತವೆ. ಅವುಗಳ ಗಾತ್ರ ನಮ್ಮ ಕೈಗೆ ಗೊತ್ತು, ಕಣ್ಣು ಉಳಿದದ್ದನ್ನೆಲ್ಲ ಅವಕ್ಕೆ ಹೋಲಿಸಿ ಅಳೆಯುತ್ತದೆ.

ನಮ್ಮ ಗೊಂಬೆ, ನಮ್ಮ ಮರ

ಕರ್ನಾಟಕದಲ್ಲಿ ಪುಟ್ಟ ಲೋಕ ಕಟ್ಟುವ ರೂಢಿ ನವರಾತ್ರಿಯದು. ಮೈಸೂರು ಸೀಮೆಯ ಗೊಂಬೆ ಹಬ್ಬದಲ್ಲಿ ಪಟ್ಟದ ಗೊಂಬೆಗಳ ಮುಂದೆ ಪಾರ್ಕು, ಸಂತೆ, ಮದುವೆ ಮನೆ ಏಳುತ್ತವೆ. ಅಲ್ಲಿ ಅಳತೆಯ ಹಟವಿಲ್ಲ, ಆನೆಗಿಂತ ಸೆಟ್ಟಿ ದೊಡ್ಡವನಿದ್ದರೂ ನಡೆಯುತ್ತದೆ. ಹಬ್ಬ ಮುಗಿದರೆ ಎಲ್ಲ ಹತ್ತಿಯಲ್ಲಿ ಸುತ್ತಿ ಪೆಟ್ಟಿಗೆಗೆ. ಪಾಶ್ಚಾತ್ಯ ಗೊಂಬೆಮನೆಯ ಸ್ವಭಾವ ಬೇರೆ, ಅದು ವರ್ಷವಿಡೀ ಒಂದೇ ಕಡೆ ನಿಂತಿರುತ್ತದೆ, ಒಂದೇ ಅಳತೆಗೆ ಕಟ್ಟುಬಿದ್ದಿರುತ್ತದೆ.

ಕಿಟ್ ಕಟ್ಟುವವರಿಗೆ ಚನ್ನಪಟ್ಟಣ ಮಾತ್ರ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಅಲ್ಲಿ ಬಳಸುವ ಆಲೆ ಮರ ಬೆಳ್ಳಗೆ, ಮೆತ್ತಗೆ, ನಾರು ಕಾಣದಷ್ಟು ನಯ. ಅಮೆರಿಕದವರು ಈ ಕೆಲಸಕ್ಕೆ ಬಾಸ್‌ವುಡ್ಡಿನಲ್ಲಿ ಹುಡುಕುವ ಗುಣ ಇದೇ. ಮೆಟ್ಟಿಲ ಗೂಟ, ಜಗುಲಿಯ ಕಂಬ, ಹೂದಾನಿ ಎಲ್ಲವೂ ಕಡೆದು ಮಾಡುವ ವಸ್ತುಗಳು. ಮಕ್ಕಳ ಅಡುಗೆ ಸೆಟ್ಟನ್ನು ಕಡೆಯುವ ಕೈಗೆ ಅವೇನೂ ಕಷ್ಟವಲ್ಲ. ಅಳತೆಯ ಚಿತ್ರವನ್ನು ಮಿಲಿಮೀಟರಿನಲ್ಲಿ ಬರೆದುಕೊಡಬೇಕು, ಅಷ್ಟೇ.

ಎಲ್ಲಿಡುವುದು

ಕಿಟಕಿಯ ಬಿಸಿಲು ಬೀಳುವ ಕಡೆ ಇಟ್ಟರೆ ವಾಲ್‌ಪೇಪರ್ ಎರಡೇ ವರ್ಷಕ್ಕೆ ಪೇಲವವಾಗುತ್ತದೆ. ಗೋಧಿ ಅಂಟು, ಗಂಜಿ ಬಳಸಿದ್ದರೆ ಕಾಗದವನ್ನು ಬೆಳ್ಳಿಹುಳು ಬಿಡುವುದಿಲ್ಲ. ಧೂಳು ತೆಗೆಯಲು ಮೆದು ಕುಂಚ, ಕ್ಯಾಮೆರಾ ಲೆನ್ಸಿಗೆ ಗಾಳಿ ಊದುವ ರಬ್ಬರ್ ಚೆಂಡು ಸಾಕು. ತೆರೆದ ಬದಿಗೆ ಅಕ್ರಿಲಿಕ್ ಹಾಳೆ ಮುಚ್ಚಿದರೆ ಅದೂ ಅಪರೂಪಕ್ಕೆ. ಆರ್ಡರ್ ಮಾಡುವ ಮುಂಚೆ ಟೇಪು ಹಿಡಿದು ಮನೆಯ ಬಾಗಿಲುಗಳನ್ನು ಅಳೆಯಬೇಕು. ಪೆಟ್ಟಿಗೆಯಲ್ಲಿ ಚಪ್ಪಟೆಯಾಗಿ ಬಂದ ಎಂಟು-ಹತ್ತು ಕೋಣೆಯ 1:12ರ ಮನೆ, ಕಟ್ಟಿ ಮುಗಿದಾಗ ಎರಡು ಅಡಿಗೂ ಮೀರಿದ ಆಳದ್ದಾಗಬಹುದು. ನಮ್ಮ ಅಪಾರ್ಟ್‌ಮೆಂಟುಗಳ ಒಳಬಾಗಿಲು ಎರಡೂವರೆ, ಮೂರು ಅಡಿ. ಚಾಚಿಕೊಂಡ ಸೂರು, ಜಗುಲಿ, ಮುಂದಿನ ಮೆಟ್ಟಿಲನ್ನು ಸೇರಿಸಿ ಲೆಕ್ಕ ಹಾಕಿದ ಮೇಲೇ ಯಾವ ಕೋಣೆಯಲ್ಲಿ ಕೂತು ಕಟ್ಟುವುದೆಂದು ನಿರ್ಧರಿಸಬೇಕು.